ದನಗಳ ವೈದ್ಯಗುರು ಬರ್ನ್‌ಹಾರ್ಡ್ ಬ್ಯಾಂಗ್



ಕಡೂರು, ತರೀಕೆರೆ, ಅಜ್ಜಂಪುರ ಸೀಮೆಗಳಲ್ಲಿ ವಾಸಿಸುವ ನಮಗೆ ದನಗಳ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯು ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಆ ಹೆಸರಿನ ದನಗಳ ತಳಿಕೇಂದ್ರವು ಅಜ್ಜಂಪುರದಲ್ಲಿಯೇ ಇದೆ. ಆದರೂ ಗಬ್ಬದ ಹಸುವು ತಿಂಗಳು ತುಂಬುವ ಮೊದಲೇ ಕಂದು ಹಾಕಿದರೆ, ದೃಷ್ಟಿ ತಾಕಿತೆಂದೂ ನೆರೆಯವನು ಮಾಟ ಮಾಡಿಸಿದನೆಂದೂ ಹೇಳುವವರು ಇನ್ನೂ ಇದ್ದಾರೆ. ಈ ನಷ್ಟದ ಒಂದು ಮುಖ್ಯ ಕಾರಣವನ್ನು ಕಂಡುಹಿಡಿದ ಪಂಡಿತರೊಬ್ಬರ ಚರಿತ್ರೆಯನ್ನು ಸಂಕ್ಷೇಪವಾಗಿ ಬರೆಯುತ್ತೇನೆ.

ಬರ್ನ್‌ಹಾರ್ಡ್ ಬ್ಯಾಂಗರು 1848ನೆಯ ಇಸವಿಯಲ್ಲಿ ಡೆನ್ಮಾರ್ಕ್ ದೇಶದ ಸೋರೋ ಎಂಬ ಊರಿನಲ್ಲಿ ಹುಟ್ಟಿದರು. ಇವರು ಮನುಷ್ಯರ ವೈದ್ಯವನ್ನೂ ಪಶುವೈದ್ಯವನ್ನೂ ಎರಡನ್ನೂ ಕಲಿತು, 1880ರಲ್ಲಿ ಕೋಪನ್‌ಹೇಗನ್ ಪಟ್ಟಣದ ರಾಜಕೀಯ ಪಶುವೈದ್ಯ ಮತ್ತು ವ್ಯವಸಾಯ ವಿದ್ಯಾಲಯದಲ್ಲಿ ಉಪಾಧ್ಯಾಯರಾದರು. ಮುಂದೆ ಅಲ್ಲಿಯೇ ಪ್ರಾಧ್ಯಾಪಕರಾಗಿ ಬಹುಕಾಲ ಸೇವೆಮಾಡಿದರು.

ಆ ಕಾಲದಲ್ಲಿ ಡೆನ್ಮಾರ್ಕಿನ ರೈತರು ಹಾಲು ಬೆಣ್ಣೆಗಳಿಂದಲೇ ಜೀವಿಸುತ್ತಿದ್ದರು. ಆದರೆ ಅವರ ಹಟ್ಟಿಗಳಲ್ಲಿ ಕ್ಷಯರೋಗವು ಬಲವಾಗಿ ಹಬ್ಬಿತ್ತು. 1890ರಲ್ಲಿ ಜರ್ಮನಿಯ ಕೋಖ್ ಪಂಡಿತರು ಟ್ಯೂಬರ್ಕ್ಯುಲಿನ್ ಎಂಬ ದ್ರವವನ್ನು ಪ್ರಕಟಿಸಿದರು. ಅದು ಆ ರೋಗವನ್ನು ವಾಸಿಮಾಡಲಿಲ್ಲ. ಆದರೆ ಸೂಜಿಯಿಂದ ದನಕ್ಕೆ ಚುಚ್ಚಿದರೆ, ರೋಗವುಳ್ಳ ದನಕ್ಕೆ ಜ್ವರವೇರಿ ಒಳಗಿನ ಗುಟ್ಟು ಬಯಲಾಗುತ್ತಿತ್ತು. ಹೀಗೆ ಗೊತ್ತಾದ ದನಗಳನ್ನೆಲ್ಲಾ ಕೊಂದುಬಿಟ್ಟರೆ ಬಡ ರೈತನ ಗತಿಯೇನು? ಈ ಚಿಂತೆಯಿಂದ ಬ್ಯಾಂಗರು ಬೇರೊಂದು ದಾರಿಯನ್ನು ಹುಡುಕಿದರು. ಅದೇನಂದರೆ, ಕೊಟ್ಟಿಗೆಯ ನಡುವೆ ಗೋಡೆ ಹಾಕಿ ರೋಗದ ದನಗಳನ್ನು ಪ್ರತ್ಯೇಕಿಸುವುದು. ಅವುಗಳ ಕರುಗಳನ್ನು ಹುಟ್ಟಿದ ಕೂಡಲೇ ಆರೋಗ್ಯದ ಕಡೆಗೆ ಒಯ್ದು ಕಾಯಿಸಿದ ಹಾಲಿನಿಂದ ಸಾಕುವುದು. ಆಗಾಗ್ಗೆ ಪರೀಕ್ಷೆಯನ್ನು ಪುನಃ ಮಾಡುವುದು. ಯಾಕಂದರೆ ರೋಗದ ತಾಯಿಗೆ ಹುಟ್ಟಿದರೂ ಕರುವು ಬಹುಮಟ್ಟಿಗೆ ರೋಗವಿಲ್ಲದೆ ಹುಟ್ಟುವುದೆಂದು ಅವರು ತಿಳಿದಿದ್ದರು. ಹೀಗೆ ಕೆಲವು ವರುಷಗಳಲ್ಲಿ ಹಳೆಯ ಹಿಂಡಿನಿಂದಲೇ ಶುದ್ಧವಾದ ಹೊಸ ಹಿಂಡು ಉಂಟಾಗುತ್ತಿತ್ತು. ಡೈರಿಗಳಿಂದ ಹಿಂದಿರುಗುವ ಕೆನೆ ತೆಗೆದ ಹಾಲನ್ನು ಚೆನ್ನಾಗಿ ಕಾಯಿಸಿಯೇ ಕೊಡಬೇಕೆಂದು 1898ರಲ್ಲಿ ಆ ದೇಶದಲ್ಲಿ ಕಾನೂನಾಯಿತು.

ಕಂದು ಹಾಕುವ ರೋಗದ ವಿಷಯದಲ್ಲಿಯೂ ಇವರು ಹೀಗೆಯೇ ತಾಳ್ಮೆಯಿಂದ ಶೋಧಿಸಿದರು. ಸಹಾಯಕರಾದ ಸ್ಟ್ರಿಬೋಲ್ಟರೊಡನೆ, ಕಂದು ಹಾಕುವ ಲಕ್ಷಣ ತೋರಿದ ಹಸುವಿನ ಗರ್ಭಕೋಶವನ್ನು ಪರೀಕ್ಷಿಸಿ ಅದರಲ್ಲಿ ಬಹು ಸಣ್ಣ ಕ್ರಿಮಿಗಳನ್ನು ಕಂಡರು. ಅವುಗಳನ್ನು ಗಾಜಿನ ನಳಿಗೆಯಲ್ಲಿ ಬೆಳೆಸಿ, ಆರೋಗ್ಯವಾದ ಗಬ್ಬದ ಹಸುಗಳಿಗೆ ಸೇರಿಸಲು, ಅವೂ ಕಂದು ಹಾಕಿದವು. 1897ರಲ್ಲಿ ಈ ಸಂಗತಿಯು ಪ್ರಕಟವಾಯಿತು. ರೋಗಕ್ಕೆ ಬ್ಯಾಂಗರ ಹೆಸರೇ ನಿಂತಿತು. ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಎಂಬ ವೈದ್ಯರು 1887ರಲ್ಲಿಯೇ ಮನುಷ್ಯರ ಜ್ವರವೊಂದರ ಕ್ರಿಮಿಯನ್ನು ಕಂಡಿದ್ದರು. ಇವೆರಡೂ ಹತ್ತಿರದ ಸಂಬಂಧವುಳ್ಳವುಗಳೆಂದು 1918ರಲ್ಲಿ ಅಮೇರಿಕದ ಆಲಿಸ್ ಇವಾನ್ಸ್ ಎಂಬಾಕೆಯು ತೋರಿಸಿದಳು. ಆದದರಿಂದ ಹಸುವಿನ ಕಾಯಿಲೆಯು ಮನೆಯವರಿಗೂ ಬರಬಹುದೆಂದು ಲೋಕಕ್ಕೆ ತಿಳಿಯಿತು.

ಬ್ಯಾಂಗರು 1932ರಲ್ಲಿ ತೀರಿಕೊಂಡರು. ಅವರ ಪ್ರಯಾಸದ ಫಲವು ನಮ್ಮ ಹಟ್ಟಿಗಳಿಗೂ ತಲಪಬೇಕು. ಹಸುವು ಕಂದು ಹಾಕಿದರೆ ಅದನ್ನಾಗಲಿ ಮಾಸನ್ನಾಗಲಿ ಬರಿಗೈಯಿಂದ ಮುಟ್ಟದೆ, ನಾಯಿಗಳಿಗೆ ಸಿಕ್ಕದಂತೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿರಿ. ಆ ಹಸುವನ್ನು ಬೇರೆ ಕಟ್ಟಿ ಪಶುವೈದ್ಯರಿಗೆ ತಿಳಿಸಿರಿ. ಹಾಲನ್ನು ಕಾಯಿಸದೆ ಕುಡಿಯಬೇಡಿರಿ. ಬಿಟ್ಟು ಬಿಟ್ಟು ಬರುವ ಜ್ವರವೂ ಕೀಲುನೋವೂ ಉಂಟಾದರೆ, ಮನೆಯಲ್ಲಿ ದನಗಳಿವೆಯೆಂದು ವೈದ್ಯರಿಗೆ ಹೇಳಿರಿ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಈ ರೋಗದ ಲಸಿಕೆಯನ್ನು ಹಾಕಿಸುವ ಯೋಜನೆಯನ್ನು ಕೇಂದ್ರ ಸರಕಾರವು 2019ರಲ್ಲಿ ಆರಂಭಿಸಿತು, ಅದನ್ನು ತಪ್ಪಿಸಬೇಡಿರಿ.

ಎಲ್ಲಕ್ಕಿಂತ ಹೆಚ್ಚಾಗಿ, ಕ್ರಿಮಿಯು ಮಾಡಿದ ಕೇಡನ್ನು ನೆರೆಯವನ ಮೇಲೆ ಹೊರಿಸುವ ಪಾಪದಿಂದ ದೂರವಾಗಿರೋಣ. ಹಸುವು ಹೋದರೆ ಮತ್ತೊಂದನ್ನು ಕೊಳ್ಳಬಹುದು. ಸುಳ್ಳು ಅಪವಾದದಿಂದ ಮುರಿದ ನೆರೆಹೊರೆಯನ್ನು ಯಾವ ಸಂತೆಯಲ್ಲಿ ಕೊಳ್ಳುವೆವು? ನಿನೆವೆಯ ಜನರೊಡನೆ ಅಲ್ಲಿಯ ದನಗಳನ್ನೂ ಕನಿಕರಿಸಿದ ಕರ್ತನು ನಮಗೆ ವಿವೇಕವನ್ನು ದಯಪಾಲಿಸಲಿ.