ನಾಟಕಕಾರ ಕೈಲಾಸಂ ಮತ್ತು ಅವರ ಕಾಲ

1884ನೆಯ ಇಸವಿಯು ಕನ್ನಡ ರಂಗಭೂಮಿಗೆ ಎರಡು ಕಾರಣಗಳಿಂದ ಸ್ಮರಣೀಯವಾದುದು. ಮುಂದೆ ನಾಡಿನಾದ್ಯಂತ ಹೆಸರಾದ ಗುಬ್ಬಿಯ ನಾಟಕ ಕಂಪೆನಿಯು ಆ ವರ್ಷ ಸ್ಥಾಪನೆಯಾಯಿತು. ಕಂಪೆನಿ ನಾಟಕಗಳ ಹಾದಿಯನ್ನು ಬಿಟ್ಟು ಬೇರೊಂದು ಹಾದಿಯನ್ನು ತೆರೆದ ತ್ಯಾಗರಾಜ ಪರಮಶಿವ ಕೈಲಾಸಂ ಅವರು ಜನಿಸಿದುದೂ ಅದೇ ವರ್ಷ.

ಕೈಲಾಸಂ ಅವರ ಮನೆಮಾತು ತಮಿಳು. ತಂದೆ ಪರಮಶಿವ ಅಯ್ಯರ್ ಅವರು ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರಾಗಿದ್ದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮುಗಿಸಿದ ಕೈಲಾಸಂ, ಸರ್ಕಾರದ ವಿದ್ಯಾರ್ಥಿವೇತನ ಪಡೆದು ಲಂಡನ್ನಿಗೆ ತೆರಳಿ ಭೂಗರ್ಭಶಾಸ್ತ್ರವನ್ನು ಅಭ್ಯಸಿಸಿದರು. ಅಲ್ಲಿನ ರಂಗಮಂದಿರಗಳು ಅವರಿಗೆ ಎರಡನೆಯ ಪಾಠಶಾಲೆಯಾದುವು. ಸ್ವದೇಶಕ್ಕೆ ಮರಳಿದ ಮೇಲೆ ಕೆಲವು ವರ್ಷ ಭೂಗರ್ಭ ಇಲಾಖೆಯಲ್ಲಿ ದುಡಿದು, ಅನಂತರ ಆ ಹುದ್ದೆಯನ್ನು ತ್ಯಜಿಸಿ ತಮ್ಮ ಬದುಕನ್ನು ನಾಟಕಕ್ಕೆ ಮೀಸಲಾಗಿಟ್ಟರು.

ಆಗಿನ ರಂಗಭೂಮಿಯಲ್ಲಿ ದೇವತೆಗಳೂ ರಾಜರೂ ಮೆರೆಯುತ್ತಿದ್ದರು. ಬಣ್ಣದ ಪರದೆ, ಝಗಝಗಿಸುವ ಉಡುಪು, ಮತ್ತೆ ಮತ್ತೆ ಬರುವ ಹಾಡು ಇವು ಪ್ರೇಕ್ಷಕರನ್ನು ಸೆಳೆಯುತ್ತಿದ್ದುವು. ಕೈಲಾಸಂ ಅವರಾದರೋ ಮಧ್ಯಮವರ್ಗದ ಮನೆಯ ನಡುಮನೆಯನ್ನೇ ರಂಗದ ಮೇಲೆ ತಂದಿರಿಸಿದರು. ಅವರ ಪಾತ್ರಗಳು ಬೆಂಗಳೂರು, ಮೈಸೂರುಗಳ ಓದಿದವರು ಅಂದು ಆಡುತ್ತಿದ್ದ ಇಂಗ್ಲಿಷ್ ಬೆರೆತ ಕನ್ನಡವನ್ನೇ ಆಡಿದುವು. ನಾಟಕಗಳನ್ನು ಅವರು ಬಾಯಲ್ಲಿ ಹೇಳುತ್ತಿದ್ದರು, ಸ್ನೇಹಿತರು ಬರೆದುಕೊಳ್ಳುತ್ತಿದ್ದರು. ಆಡುಮಾತಿನ ಓಟ ಅವುಗಳಲ್ಲಿ ಉಳಿದುಬಂದುದಕ್ಕೆ ಇದೂ ಒಂದು ಕಾರಣ.

1918ರ ಸುಮಾರಿಗೆ ರಚಿತವಾದ 'ಟೊಳ್ಳುಗಟ್ಟಿ' ಅವರಿಗೆ ಖ್ಯಾತಿಯನ್ನು ತಂದಿತು. ಇದರಲ್ಲಿ ಇಬ್ಬರು ಸೋದರರಿದ್ದಾರೆ. ಪುಟ್ಟು ಪರೀಕ್ಷೆಯಲ್ಲಿ ಮುಂದು. ತಂದೆಯ ಹೆಮ್ಮೆಯ ಮಗ. ಮಾಧು ಪರೀಕ್ಷೆಯಲ್ಲಿ ಅನುತ್ತೀರ್ಣನಾಗಿ ಬೈಗುಳಕ್ಕೆ ಗುರಿಯಾದವನು. ಮನೆಗೆ ಬೆಂಕಿ ಬಿದ್ದ ಗಳಿಗೆಯಲ್ಲಿ ಜೀವದ ಹಂಗು ತೊರೆದು ಮನೆಯವರನ್ನು ಕಾಪಾಡಲು ನುಗ್ಗುವವನು ಮಾಧು. ಟೊಳ್ಳು ಯಾರು, ಗಟ್ಟಿ ಯಾರು ಎಂಬುದು ಆಗ ಎಲ್ಲರಿಗೂ ತಿಳಿಯುತ್ತದೆ.

ಈ ಕಥೆಯ ಹರಿತವನ್ನು ಅರಿಯಬೇಕಾದರೆ ಆ ಕಾಲವನ್ನು ಅರಿಯಬೇಕು. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದುದು 1916ರಲ್ಲಿ. ಇಂಗ್ಲಿಷ್ ಕಲಿತು ಪದವಿ ಪಡೆದವನಿಗೆ ಸರ್ಕಾರಿ ಉದ್ಯೋಗ, ಸಮಾಜದಲ್ಲಿ ಮನ್ನಣೆ, ಮದುವೆಯ ಸಂತೆಯಲ್ಲಿ ಹೆಚ್ಚಿನ ಬೆಲೆ ದೊರೆಯುತ್ತಿದ್ದುವು. ಹೀಗಾಗಿ ಅಂಕಗಳೇ ಮನುಷ್ಯನ ಅಳತೆಗೋಲಾದುವು. ಲಂಡನ್ನಿನಲ್ಲಿ ಓದಿ ಬಂದು ಹುದ್ದೆಯನ್ನೇ ಬಿಟ್ಟವರು ಆ ಅಳತೆಗೋಲನ್ನು ಪ್ರಶ್ನಿಸಿದುದರಿಂದ ಮಾತಿಗೆ ಬಲ ಬಂದಿತು. 'ಹೋಂ ರೂಲು' ಎಂಬ ನಾಟಕದ ಹೆಸರನ್ನು ನೋಡಿರಿ. 1916ರಲ್ಲಿ ದೇಶದಲ್ಲಿ ಹೋಂ ರೂಲ್ ಚಳವಳಿ ಆರಂಭವಾಗಿತ್ತು. ಇದನ್ನು ತಿಳಿದವರಿಗೆ ಮಾತ್ರ ಆ ಹೆಸರಿನಲ್ಲಿರುವ ಮನೆಯಾಳ್ವಿಕೆಯ ಶ್ಲೇಷೆ ನಗೆಯನ್ನು ತರುತ್ತದೆ. ವರದಕ್ಷಿಣೆಯನ್ನು 'ತಾಳಿ ಕಟ್ಟೋಕ್ಕೂಲಿನೇ' ಎಂಬ ನಾಟಕವೂ, ಜಾತಿಯ ಕಟ್ಟುಪಾಡಿನ ಕ್ರೌರ್ಯವನ್ನು 'ಬಹಿಷ್ಕಾರ'ವೂ ಎದುರಿಸಿದುವು. ಕೈಲಾಸಂ ಅವರು ಇಂಗ್ಲಿಷಿನಲ್ಲಿಯೂ ನಾಟಕಗಳನ್ನು ರಚಿಸಿದರು. ಗುರುವಿಲ್ಲದೆ ವಿದ್ಯೆ ಕಲಿತ ಏಕಲವ್ಯನೂ ನತದೃಷ್ಟನಾದ ಕರ್ಣನೂ ಅಲ್ಲಿ ನಾಯಕರಾದರು.

ಆಳಂದ ತಾಲ್ಲೂಕಿನ ನರೋಣಾದ ವಿದ್ಯಾರ್ಥಿಗೆ ಕೈಲಾಸಂ ಅವರ ಭಾಷೆ ಮೊದಲು ಪರಕೀಯವೆನಿಸಬಹುದು. 'ಟೊಳ್ಳುಗಟ್ಟಿ' ಹುಟ್ಟಿದಾಗ ಆ ಊರು ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. 1918ರಲ್ಲಿಯೇ ಹೈದರಾಬಾದಿನಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಬೆಂಗಳೂರಿನ ಬಾಲಕನಿಗೆ ಇಂಗ್ಲಿಷ್, ನರೋಣಾದ ಬಾಲಕನಿಗೆ ಉರ್ದು ಉದ್ಯೋಗದ ಭಾಷೆಯಾಗಿತ್ತು; ಇಬ್ಬರ ತಾಯಿಯರೂ ಮನೆಯಲ್ಲಿ ಆಡುತ್ತಿದ್ದುದು ಕನ್ನಡವೇ ಆಗಿದ್ದರೂ ಕಲಿಕೆಯ ದಾರಿ ಬೇರೆಯಾಗಿತ್ತು. ಇದನ್ನು ನೆನೆದಾಗ ಆ ನಾಟಕದ ಬೆರಕೆಮಾತು ಕೇವಲ ಹಾಸ್ಯವಾಗಿ ಉಳಿಯದೆ ಒಂದು ಕಾಲದ ಚರಿತ್ರೆಯಾಗಿ ಕಾಣುತ್ತದೆ. ಮಾಧುವಿನಂತಹ ಹುಡುಗನಾದರೋ ಎಲ್ಲ ಊರಿನಲ್ಲಿಯೂ ಇದ್ದಾನೆ.

ತಮಿಳು ಮನೆಮಾತಿನ ಈ ಕನ್ನಡ ನಾಟಕಕಾರರನ್ನು 1945ರಲ್ಲಿ ಮದರಾಸಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಆರಿಸಿ ನಾಡು ಗೌರವಿಸಿತು. ಮರುವರ್ಷ, 1946ರ ನವೆಂಬರಿನಲ್ಲಿ, ಅವರು ತೀರಿಕೊಂಡರು. ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ಪ್ರತಿ ವರ್ಷವೂ ಅವರು ಕೇಳಿದ ಪ್ರಶ್ನೆ ಮನೆಮನೆಯ ಮುಂದೆ ನಿಲ್ಲುತ್ತದೆ.

ಅಭ್ಯಾಸ

1. ಕಂಪೆನಿ ನಾಟಕಗಳಿಗೂ ಕೈಲಾಸಂ ಅವರ ನಾಟಕಗಳಿಗೂ ಇರುವ ವ್ಯತ್ಯಾಸಗಳಾವುವು?
2. 'ಟೊಳ್ಳುಗಟ್ಟಿ' ಎಂಬ ಹೆಸರಿನ ಔಚಿತ್ಯವನ್ನು ವಿವರಿಸಿರಿ.
3. ನಿಮ್ಮ ಊರಿನ ಹಿರಿಯರು ಯಾವ ಭಾಷೆಯಲ್ಲಿ ವಿದ್ಯೆ ಕಲಿತರೆಂಬುದನ್ನು ಕೇಳಿ ತಿಳಿದು ಬರೆಯಿರಿ.