ತಾರೆಗಳ ದೂರವನ್ನಳೆದ ವೇಣು ಬಾಪು

ಸಮೀಪದ ಹಣತೆಯೂ ದೂರದ ದೀವಟಿಗೆಯೂ ಕಣ್ಣಿಗೆ ಒಂದೇ ಸಮನಾಗಿ ತೋರಬಹುದು. ಅಂತೆಯೇ ತಾರೆಯ ನಿಜವಾದ ಕಾಂತಿಯನ್ನರಿಯದೆ, ಅದು ತೋರುವ ಪ್ರಕಾಶದಿಂದ ಅದರ ದೂರವನ್ನು ಗಣಿಸಲಾಗದು. ಈ ಒಗಟಿಗೆ ಬೆಳಕಿನ ಒಂದು ರೇಖೆಯ ಅಗಲದಲ್ಲಿ ಉತ್ತರವನ್ನು ಕಂಡ ಇಬ್ಬರು ವಿಜ್ಞಾನಿಗಳಲ್ಲಿ ಡಾ. ಎಂ. ಕೆ. ವೇಣು ಬಾಪು ಅವರು ಒಬ್ಬರು.

ಅವರು 1927ರ ಆಗಸ್ಟ್ 10ರಂದು ಜನಿಸಿದರು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಸೇವೆಯಲ್ಲಿದ್ದುದರಿಂದ ನಕ್ಷತ್ರವೀಕ್ಷಣೆಯ ಆಸಕ್ತಿ ಬಾಲ್ಯದಲ್ಲಿಯೇ ಮೊಳೆಯಿತು. ಉನ್ನತ ವ್ಯಾಸಂಗಕ್ಕಾಗಿ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದ ಅವರು 1949ರಲ್ಲಿ ಹೊಸದೊಂದು ಧೂಮಕೇತುವನ್ನು ಕಂಡುಹಿಡಿದರು. ಅದು ಬಾಪು-ಬಾಕ್-ನ್ಯೂಕಿರ್ಕ್ ಧೂಮಕೇತುವೆಂದು ಹೆಸರಾಯಿತು.

ತರುವಾಯ ಕ್ಯಾಲಿಫೋರ್ನಿಯದಲ್ಲಿ ಓಲಿನ್ ವಿಲ್ಸನ್ ಅವರೊಡನೆ ತಾರೆಗಳ ರೋಹಿತಗಳ ಅಧ್ಯಯನದಲ್ಲಿ ತೊಡಗಿದರು. ತಾರೆಯ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ, ನೇರಿಳೆಯ ಅಂಚಿನಲ್ಲಿ ಕ್ಯಾಲ್ಸಿಯಂ ಧಾತುವಿನ 'ಕೆ' ಎಂಬ ಕಪ್ಪು ರೇಖೆಯು ಕಾಣುತ್ತದೆ. ಅನೇಕ ತಾರೆಗಳಲ್ಲಿ ಈ ಕಪ್ಪಿನ ನಡುವೆ ಒಂದು ಪ್ರಕಾಶಮಾನವಾದ ಸಣ್ಣ ಗೆರೆಯಿರುತ್ತದೆ. ಕುಬ್ಜ ತಾರೆಗಳಲ್ಲಿ ಅದು ಕಿರಿದು. ದೈತ್ಯ ತಾರೆಗಳಲ್ಲಿ ಅಗಲ. ತಾರೆಯ ಸ್ವಂತ ಕಾಂತಿ ಹೆಚ್ಚಿದಂತೆ ಈ ಗೆರೆಯ ಅಗಲವೂ ನಿಯಮಬದ್ಧವಾಗಿ ಹೆಚ್ಚುತ್ತದೆಂಬುದನ್ನು ಅವರೀರ್ವರೂ 1957ರಲ್ಲಿ ಪ್ರಕಟಿಸಿದರು. ಅಗಲದಿಂದ ಕಾಂತಿ, ಕಾಂತಿಯಿಂದ ದೂರ! ಇದೇ ಜಗತ್ಪ್ರಸಿದ್ಧವಾದ ವಿಲ್ಸನ್-ಬಾಪು ಪರಿಣಾಮ. ಲೇಸರ್ ಕಿರಣದ ಹೊಡೆತದಿಂದ ಹುಟ್ಟುವ ಪ್ಲಾಸ್ಮಾದಲ್ಲಿಯೂ ರೇಖೆಯ ಅಗಲವನ್ನಳೆದು ಎಲೆಕ್ಟ್ರಾನುಗಳ ಸಾಂದ್ರತೆಯನ್ನು ತಿಳಿಯುವ ಕ್ರಮವುಂಟು. ಕಾರಣಗಳು ಬೇರೆಯಾದರೂ, ರೇಖೆಯ ಅಗಲವು ಅರ್ಥಪೂರ್ಣವೆಂಬ ತತ್ತ್ವ ಒಂದೇ.

ವಿದೇಶದ ಮಹಾದೂರದರ್ಶಕಗಳನ್ನು ತೊರೆದು ಸ್ವದೇಶಕ್ಕೆ ಮರಳಿದ ಬಾಪು ಅವರ ಮುಂದೆ ಅಂತಹ ಸಾಧನಗಳಿರಲಿಲ್ಲ. ಅವನ್ನು ನಿರ್ಮಿಸುವುದೇ ಅವರ ತಪಸ್ಸಾಯಿತು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ಹೊಣೆಯನ್ನು ವಹಿಸಿಕೊಂಡು, ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರಿನಲ್ಲಿ ಹೊಸ ವೀಕ್ಷಣಾಲಯವನ್ನು ಕಟ್ಟಿದರು. 1972ರಲ್ಲಿ ಅಲ್ಲಿ 1 ಮೀಟರ್ ದೂರದರ್ಶಕವು ಕಾರ್ಯಾರಂಭ ಮಾಡಿತು. 1971ರಲ್ಲಿ ಸ್ವಾಯತ್ತವಾದ ಭಾರತೀಯ ಖಭೌತ ಸಂಸ್ಥೆಯು ಅವರ ನೇತೃತ್ವದಲ್ಲಿಯೇ ಬೆಂಗಳೂರಿನಲ್ಲಿ ನೆಲೆಗೊಂಡಿತು. 1979ರಲ್ಲಿ ಅವರು ಅಂತರರಾಷ್ಟ್ರೀಯ ಖಗೋಲ ಒಕ್ಕೂಟದ ಅಧ್ಯಕ್ಷರಾಗಿ ಚುನಾಯಿತರಾದರು.

ದೇಶದಲ್ಲಿಯೇ ರೂಪಿಸಿದ 2.34 ಮೀಟರ್ ದೂರದರ್ಶಕವು ಅವರ ಮಹದಾಕಾಂಕ್ಷೆಯಾಗಿತ್ತು. ಅದು ಪೂರ್ಣಗೊಳ್ಳುವ ಮೊದಲೇ, 1982ರ ಆಗಸ್ಟ್ 19ರಂದು, ಮ್ಯೂನಿಕ್ ನಗರದಲ್ಲಿ ಅವರು ಕಾಲವಶರಾದರು. ಆಗ ಅವರಿಗೆ 55 ವರ್ಷ. 1986ರಲ್ಲಿ ಆ ದೂರದರ್ಶಕಕ್ಕೂ ವೀಕ್ಷಣಾಲಯಕ್ಕೂ ಅವರ ಹೆಸರನ್ನೇ ಇಡಲಾಯಿತು.

ಅವರು ಬೆಳೆಸಿದ ಸಂಸ್ಥೆಯ ಶಾಖೆಯೊಂದು ಹೊಸಕೋಟೆಯ ಬಳಿಯಿದೆ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ಉಪಗ್ರಹದ ಮೂಲಕ ಇಲ್ಲಿಂದಲೇ ನಡೆಸುತ್ತಾರೆ. ತಾನು ಫಲವನ್ನು ಕಾಣದಿದ್ದರೂ ಮುಂದಿನವರಿಗಾಗಿ ಮರವನ್ನು ನೆಟ್ಟವರ ಬಾಳು ಸಾರ್ಥಕ. ವಿದ್ಯಾಸಂಸ್ಥೆಗಳನ್ನು ಕಟ್ಟುವವರಿಗೂ, ಅವುಗಳಲ್ಲಿ ಕಲಿಯುವವರಿಗೂ ಬಾಪು ಅವರ ಜೀವನವು ದಾರಿದೀಪವಾಗಿದೆ.