ಸಂಗೀತರತ್ನ ಅಬ್ದುಲ್ ಕರೀಂ ಖಾನರು

ಹಿಂದುಸ್ತಾನಿ ಸಂಗೀತವೆಂದರೆ ನಮ್ಮ ಧಾರವಾಡ ಸೀಮೆಯ ಮನೆಯ ಸೊತ್ತೆಂದು ನಾವು ಹೆಮ್ಮೆಪಡುವುದುಂಟು. ನೇಸರಗಿಯಲ್ಲಿ ಭಜನೆಯ ಪೇಟಿಯ ಸ್ವರ ಕೇಳುತ್ತ ಬೆಳೆದ ನಾನೂ ಹಾಗೆಯೇ ತಿಳಿದಿದ್ದೆ. ನಮ್ಮವರು ಹಾಡುವ ಕಿರಾಣಾ ಘರಾಣೆಯ ಹೆಸರು ದೂರದ ಯಮುನೆಯ ಕಡೆಯ ಕೈರಾನಾ ಎಂಬ ಊರಿನದೆಂದು ಅರಿತದ್ದು ಕಾಲೇಜಿನ ಮೆಟ್ಟಿಲು ಹತ್ತಿದ ಮೇಲೆ. ಆ ವಿದ್ಯೆಯನ್ನು ನಮ್ಮತ್ತ ತಂದ ಮಹನೀಯರು ಉಸ್ತಾದ್ ಅಬ್ದುಲ್ ಕರೀಂ ಖಾನರು.

ಖಾನ್ ಸಾಹೇಬರು 1872ರಲ್ಲಿ ಕೈರಾನಾದ ಸಂಗೀತಗಾರರ ಮನೆತನದಲ್ಲಿ ಜನಿಸಿದರು. ತಾರುಣ್ಯದಲ್ಲಿಯೇ ಬಡೋದೆಯ ಗಾಯಕವಾಡರ ಆಸ್ಥಾನದಲ್ಲಿ ಮನ್ನಣೆ ಗಳಿಸಿದರು. ಅಲ್ಲಿ ತಾರಾಬಾಯಿ ಮಾನೆಯವರನ್ನು ಪ್ರೀತಿಸಿ ಕೈಹಿಡಿದದ್ದರಿಂದ ಊರನ್ನೇ ಬಿಡಬೇಕಾಯಿತು. ಮುಂಬಯಿಯನ್ನು ದಾಟಿ ಕೊನೆಗೆ ಮೀರಜದಲ್ಲಿ ನೆಲೆ ಕಂಡರು. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ತೆರೆದರು.

ವಲಸೆ ಬಂದವರು ಬರಿದೆ ಕೊಟ್ಟು ಹೋಗಲಿಲ್ಲ, ಇಲ್ಲಿಂದ ಪಡೆದರು ಕೂಡ. ಮೈಸೂರು ಅರಮನೆಯಲ್ಲಿ ಹಾಡಿ ಸಂಗೀತರತ್ನ ಬಿರುದನ್ನು ಪಡೆದ ಅವರು, ದಕ್ಷಿಣದ ವಿದ್ವಾಂಸರ ಸಹವಾಸದಿಂದ ಸ್ವರಪ್ರಸ್ತಾರವನ್ನು ತಮ್ಮ ಖ್ಯಾಲಿನಲ್ಲಿ ಅಳವಡಿಸಿಕೊಂಡರು. ತ್ಯಾಗರಾಜರ ಕೃತಿಯನ್ನು ಧ್ವನಿಮುದ್ರಿಕೆಯಲ್ಲಿ ಹಾಡಿದರು. ತಂಬೂರಿಯ ಶ್ರುತಿ ಕೂಡುವವರೆಗೆ ಅವರಿಗೆ ಸಮಾಧಾನವಿರುತ್ತಿರಲಿಲ್ಲ. ಒಂದೊಂದೇ ಸ್ವರವನ್ನು ನಿಧಾನವಾಗಿ ಅರಳಿಸುವುದು ಅವರ ಗಾಯನದ ಜೀವಾಳವಾಗಿತ್ತು.

ಘರಾಣೆಯ ವಿದ್ಯೆ ರಕ್ತಸಂಬಂಧಿಗಳಿಗಷ್ಟೇ ಎನ್ನುವ ಕಾಲವದು. ಆದರೂ ಖಾನ್ ಸಾಹೇಬರು ಕುಂದಗೋಳದ ರಾಮಭಾವು ಎಂಬ ಹುಡುಗನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಒರಟಾಗಿದ್ದ ಆ ಕಂಠವನ್ನು ವರ್ಷಗಟ್ಟಲೆ ತಿದ್ದಿದರು. ಆ ಹುಡುಗನೇ ಮುಂದೆ ಸವಾಯಿ ಗಂಧರ್ವರೆನಿಸಿದರು. ಅವರಿಂದ ಗಂಗೂಬಾಯಿ ಹಾನಗಲ್ಲರು ಕಲಿತರು. ಗದುಗಿನ ಬಾಲಕ ಭೀಮಸೇನ ಜೋಶಿ ಖಾನ್ ಸಾಹೇಬರ ಧ್ವನಿಮುದ್ರಿಕೆ ಕೇಳಿ ಮರುಳಾಗಿ, 1933ರಲ್ಲಿ ಗುರುವನ್ನರಸುತ್ತ ಮನೆ ಬಿಟ್ಟು, ಕೊನೆಗೆ ಅದೇ ಸವಾಯಿ ಗಂಧರ್ವರ ಮನೆ ಸೇರಿದನು. ಇವರಾರೂ ಕೈರಾನಾದವರಲ್ಲ. ಆದರೂ ಕಿರಾಣಾ ಇವರದಾಯಿತು.

1937ರ ಅಕ್ಟೋಬರದಲ್ಲಿ ಮದರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದಾಗ ದಾರಿಯಲ್ಲಿ ದೇಹಾಲಸ್ಯವಾಗಿ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಅಲ್ಲಿಯೇ ಕಣ್ಣು ಮುಚ್ಚಿದರು. ಹುಟ್ಟೂರಿಗಲ್ಲ, ಮೀರಜಕ್ಕೆ ಅವರ ದೇಹವನ್ನು ತಂದು ದರ್ಗಾದ ಆವರಣದಲ್ಲಿ ಮಣ್ಣು ಮಾಡಿದರು. ಅಲ್ಲಿ ಅವರ ಸ್ಮರಣೆಯಲ್ಲಿ ಸಂಗೀತೋತ್ಸವ ನಡೆಯುತ್ತ ಬಂದಿದೆ.

ನಮ್ಮ ಮನೆಯಲ್ಲಿ ಪದವಿ ತರಗತಿಯವರೆಗೆ ಬಂದವನು ನಾನೇ ಮೊದಲಿಗ. ವಂಶದಲ್ಲಿಲ್ಲದ ವಿದ್ಯೆಗೆ ಕೈಚಾಚುವಾಗಿನ ಅಳುಕು ನನಗೆ ಗೊತ್ತು. ಬಾಗಿಲು ತೆರೆಯುವ ಗುರುವೊಬ್ಬನಿದ್ದರೆ ಆ ಅಳುಕು ಕರಗುತ್ತದೆ. ಬಂಧುಗಳೇ, ಯಾವ ಕಲೆಯನ್ನು ನಮ್ಮದೆಂದು ಎದೆತಟ್ಟಿ ಹೇಳುತ್ತೇವೆಯೋ ಅದು ಎಲ್ಲಿಂದ ನಡೆದು ಬಂದಿತೆಂಬುದನ್ನು ಮರೆಯದಿರೋಣ. ಇಂದು ಹೊರಗಿನಿಂದ ಬಂದು ನಮ್ಮ ಬಾಗಿಲಲ್ಲಿ ನಿಂತವನ ಜೋಳಿಗೆಯಲ್ಲಿ ನಾಳಿನ ನಮ್ಮ ಹೆಮ್ಮೆ ಇದ್ದೀತು.